ಕೂತ ಕಡೆ ಮನಸ್ಸು ಕೂರುವುದಿಲ್ಲ, ಏನು ಮಾಡಲಿ?

ಏಕಾಗ್ರತೆ, ಶಿಸ್ತು, ಮುಂದೂಡುವ ಚಾಳಿ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಹೆಚ್ಚಿನವು "ನನಗೆ ಮನೋಬಲ ಕಡಿಮೆ" ಎಂಬ ತಪ್ಪೊಪ್ಪಿಗೆಯಿಂದಲೇ ಶುರುವಾಗಿವೆ. ಆ ಮಾತೊಂದನ್ನು ಪಕ್ಕಕ್ಕಿಟ್ಟು ಉಳಿದದ್ದಕ್ಕೆ ಉತ್ತರಿಸಿದ್ದೇವೆ. ಯಾಕೆ ಪಕ್ಕಕ್ಕಿಟ್ಟೆವು ಎಂಬುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ಪ್ರಶ್ನೆ: ಓದಲು ಕೂತು ಹತ್ತು ನಿಮಿಷ ಆಗಿರುವುದಿಲ್ಲ, ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ಸೈಲೆಂಟ್‌ನಲ್ಲಿ ಇಟ್ಟರೂ ಅಷ್ಟೇ. ಏನೋ ಮೆಸೇಜ್ ಬಂದಿರಬಹುದು ಅಂತ ಅಲ್ಲ, ಸುಮ್ಮನೆ ನೋಡುವುದು. ಆ್ಯಪ್‌ಗಳನ್ನು ಮೂರು ಸಲ ಡಿಲೀಟ್ ಮಾಡಿ ಮೂರು ಸಲವೂ ವಾಪಸ್ ಹಾಕಿಕೊಂಡಿದ್ದೇನೆ.
— ಪರೀಕ್ಷೆಗೆ ಓದುತ್ತಿರುವವರು

ಉತ್ತರ: "ಕೈ ತಾನಾಗಿ ಹೋಗುತ್ತದೆ" ಎಂದು ಬರೆದಿದ್ದೀರಲ್ಲ, ವಿಷಯ ಅಲ್ಲೇ ಇದೆ. ನಿಮ್ಮನ್ನು ಕೇಳಿ ಹೊರಟ ಕೈಯಾಗಿದ್ದರೆ "ಇನ್ನು ಮುಟ್ಟುವುದಿಲ್ಲ" ಎಂಬ ನಿರ್ಧಾರ ಅದನ್ನು ತಡೆಯುತ್ತಿತ್ತು. ಕೇಳದೆ ಹೊರಡುವ ಕೈಗೆ ನಿರ್ಧಾರ ತಲುಪುವುದೇ ಇಲ್ಲ.

ಮೊದಲ ಎರಡು ದಿನ ಏನನ್ನೂ ಬದಲಾಯಿಸಬೇಡಿ. ಪುಸ್ತಕದ ಪಕ್ಕ ಒಂದು ಚೀಟಿ ಇಟ್ಟುಕೊಳ್ಳಿ. ಕೈ ಮೊಬೈಲಿಗೆ ಹೋದಾಗಲೆಲ್ಲ ಒಂದು ಗೀಟು ಎಳೆದು, ಆ ಗಳಿಗೆಯಲ್ಲಿ ಏನು ಓದುತ್ತಿದ್ದಿರಿ ಎಂದು ಎರಡು ಪದ ಬರೆಯಿರಿ. ಎರಡನೇ ದಿನ ಸಂಜೆ ಚೀಟಿ ನೋಡಿದರೆ ಗೀಟುಗಳು ಕೆಲವೇ ಜಾಗಗಳಲ್ಲಿ ಗುಂಪುಗೂಡಿರುವುದು ಕಾಣುತ್ತದೆ: ಅರ್ಥವಾಗದ ಪ್ಯಾರಾ, ಉತ್ತರ ತಾಳೆಯಾಗದ ಲೆಕ್ಕ, ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗುವ ಹಾಳೆ. ಮೊಬೈಲು ಕರೆಯುವುದಕ್ಕಿಂತ ಹೆಚ್ಚಾಗಿ ಪುಸ್ತಕವೇ ನಿಮ್ಮನ್ನು ಆಚೆಗೆ ತಳ್ಳುತ್ತಿರುತ್ತದೆ. ಸೈಲೆಂಟ್ ಮಾಡಿದರೆ ಹೊರಗಿನ ಸದ್ದು ನಿಲ್ಲುತ್ತದೆ, ಈ ತಳ್ಳಾಟ ನಿಲ್ಲುವುದಿಲ್ಲ.

ಇನ್ನು ದೂರದ ಮಾತು. ಮೊಬೈಲನ್ನು ಪೂರ್ತಿ ಆಫ್ ಮಾಡಿ ಬೇರೆ ಕೋಣೆಯಲ್ಲಿಡಿ. ಮೇಜಿನ ಡ್ರಾಯರಿನಲ್ಲಿ, ಚೀಲದಲ್ಲಿ, ದಿಂಬಿನಡಿಯಲ್ಲಿ ಇಟ್ಟದ್ದು ದೂರ ಇಟ್ಟಂತಲ್ಲ. ಎದ್ದು ಹೋಗಿ, ಆನ್ ಮಾಡಿ, ಅದು ತೆರೆದುಕೊಳ್ಳುವವರೆಗೆ ಕಾಯಬೇಕು ಎಂದಾದರೆ ಕೈಯ ಕೆಲಸ ತಲೆಯ ಕೆಲಸವಾಗಿ ಬದಲಾಗುತ್ತದೆ. ಅಷ್ಟು ಸಾಕು. ಮೊಬೈಲು ಸಿಗದಂತೆ ಮಾಡಬೇಕಾಗಿಲ್ಲ, ಅರೆಪ್ರಜ್ಞೆಯಲ್ಲಿ ಸಿಗದಂತೆ ಮಾಡಿದರಾಯಿತು.

ಈ ಏರ್ಪಾಟು ಮುರಿದುಬೀಳುವುದು ನೆಪಗಳಿಂದ. ಹಾಗಾಗಿ ನೆಪಗಳನ್ನು ಮೊದಲೇ ತೀರಿಸಿಡಿ. ಸಮಯ ನೋಡಲು ಮೇಜಿನ ಮೇಲೆ ಗಡಿಯಾರ ಇರಲಿ. ಅರ್ಥ ಗೊತ್ತಿಲ್ಲದ ಪದಗಳನ್ನು ಅದೇ ಚೀಟಿಯ ಹಿಂದೆ ಬರೆದಿಟ್ಟು ಕೊನೆಯಲ್ಲಿ ಒಟ್ಟಿಗೆ ಹುಡುಕಿ. ಮನೆಯವರ ತುರ್ತು ಕರೆ ಬರಬಹುದು ಎಂದಿದ್ದರೆ ಆಫ್ ಮಾಡಬೇಡಿ; "ಡು ನಾಟ್ ಡಿಸ್ಟರ್ಬ್"ನಲ್ಲಿ ಎರಡು-ಮೂರು ನಂಬರಿಗೆ ಮಾತ್ರ ರಿಂಗ್ ಆಗುವಂತೆ ಮಾಡಿ, ಸದ್ದು ಜೋರಾಗಿಟ್ಟು, ಆಚೆ ಕೋಣೆಯಲ್ಲೇ ಇಡಿ. ಪಾಠವೇ ಮೊಬೈಲಿನಲ್ಲಿದ್ದರೆ ಆ್ಯಂಡ್ರಾಯ್ಡ್‌ನ "ಆ್ಯಪ್ ಪಿನ್ನಿಂಗ್", ಐಫೋನಿನ "ಗೈಡೆಡ್ ಆ್ಯಕ್ಸೆಸ್" ಬಳಸಿ. ಹೊರಬರಲು ಪಿನ್ ನಂಬರ್ ಕೇಳುವಂತೆ ಸೆಟ್ ಮಾಡಿಟ್ಟರೆ, ಅದನ್ನು ಹಾಕುವವರೆಗೆ ಪರದೆ ಒಂದೇ ಆ್ಯಪಿಗೆ ಕಟ್ಟಿಬಿದ್ದಿರುತ್ತದೆ.

ಡಿಲೀಟ್ ಯಾಕೆ ನಿಲ್ಲಲಿಲ್ಲ ಎಂದರೆ ಅದು ಸಿಟ್ಟಿನಲ್ಲಿ ಮಾಡಿದ ಕೆಲಸ, ಮತ್ತು ಅದಕ್ಕೆ "ಯಾವಾಗ ನೋಡಬಹುದು" ಎಂಬ ಉತ್ತರವೇ ಇರಲಿಲ್ಲ. ಆ್ಯಪ್ ಇರಲಿ, ಆದರೆ ಹೋಮ್ ಸ್ಕ್ರೀನಿನಲ್ಲಿ ಬೇಡ. ನೋಡಿ ಮುಗಿದಾಗಲೆಲ್ಲ ಲಾಗ್ ಔಟ್ ಮಾಡಿ, ಪಾಸ್‌ವರ್ಡ್ ಪ್ರತಿಸಲ ಕೈಯಾರೆ ಹಾಕುವಂತಿರಲಿ. ಸಂಜೆ 7.30ರಿಂದ 8 ಎಂದು ಗೊತ್ತಾದ ಹೊತ್ತು ಕೊಡಿ. ಮೊದಲ ಮೂರು-ನಾಲ್ಕು ದಿನ ಚಡಪಡಿಕೆ ಜಾಸ್ತಿಯೇ ಆಗುತ್ತದೆ, ಅದನ್ನು ನೋಡಿ "ಇದು ನನಗಾಗುವುದಿಲ್ಲ" ಎಂದುಕೊಳ್ಳಬೇಡಿ. ಆ ತುಡಿತ ಏರಿದಂತೆಯೇ ಇಳಿಯುತ್ತದೆ, ನಿಮಿಷಗಳ ಲೆಕ್ಕದಲ್ಲಿ. ಗೀಟು ಎಳೆದು ಕೂತೇ ಇರಿ. ಎಷ್ಟು ಗಂಟೆ ಓದಿದಿರಿ ಎಂಬುದಕ್ಕಿಂತ ಗೀಟು ಎಷ್ಟು ಇಳಿಯಿತು ಎಂದು ವಾರಕ್ಕೊಮ್ಮೆ ಎಣಿಸುವುದು ಒಳ್ಳೆಯದು.

ಪ್ರಶ್ನೆ: 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲೆಡೆ ಹೇಳುತ್ತಾರೆ. ಬೆಳಿಗ್ಗೆ 5ಕ್ಕೆ ಏಳುವುದು, ವ್ಯಾಯಾಮ, ಧ್ಯಾನ, ಡೈರಿ, ನಾಲ್ಕನ್ನೂ 21 ದಿನ ಬಿಡದೆ ಮಾಡಿದೆ. 24ನೇ ದಿನಕ್ಕೆ ಒಂದೂ ಉಳಿದಿಲ್ಲ. ನನ್ನದೇ ದೋಷವೇ?

ಉತ್ತರ: ದೋಷ ಆ ಸಂಖ್ಯೆಯದು. ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬವರು 1960ರಲ್ಲಿ, ಶಸ್ತ್ರಚಿಕಿತ್ಸೆಯಾದ ಮೇಲೆ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಜನರಿಗೆ ಕಡಿಮೆಯೆಂದರೂ 21 ದಿನ ಬೇಕಾಗುತ್ತದೆ ಎಂದು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕಡಿಮೆಯೆಂದರೂ" ಬಿದ್ದುಹೋಯಿತು, ಮುಖವೂ ಬಿದ್ದುಹೋಯಿತು, 21 ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದಾಗ ಒಂದು ಹೊಸ ರೂಢಿ ಯೋಚಿಸದೆಯೇ ನಡೆಯುವ ಮಟ್ಟಕ್ಕೆ ಬರಲು ನಡುಮಟ್ಟದಲ್ಲಿ 66 ದಿನ ಹಿಡಿದಿತ್ತು. ವ್ಯತ್ಯಾಸ ಮಾತ್ರ ದೊಡ್ಡದು: ಬೇಗನೆ ಬಂದವರಿಗೆ 18 ದಿನ, ತಡವಾದವರಿಗೆ ಲೆಕ್ಕಾಚಾರದ ಪ್ರಕಾರ 254. ಲೋಟ ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಕೂತಿತು, ವ್ಯಾಯಾಮ ನಿಧಾನವಾಯಿತು. ಅದೇ ಅಧ್ಯಯನದಲ್ಲಿ ನಿಮಗೆ ಬೇಕಾದ ಇನ್ನೊಂದು ಮಾತಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಿರಲಿಲ್ಲ.

ನಾಲ್ಕನ್ನೂ ಒಟ್ಟಿಗೆ ಹೊತ್ತುಕೊಂಡದ್ದು ಎರಡನೇ ಕಾರಣ. ಅದಕ್ಕೆ ಕನ್ನಡದಲ್ಲಿ ಆರಂಭಶೂರತ್ವ ಎಂಬ ಒಳ್ಳೆಯ ಪದವಿದೆ. ಹೊಸತರ ಹುರುಪು ಮೂರು ವಾರ ನಾಲ್ಕು ಕೆಲಸವನ್ನೂ ಎಳೆಯಬಲ್ಲದು, ಆದ್ದರಿಂದಲೇ 21ನೇ ದಿನ ಎಲ್ಲ ಸರಿಯಿದೆ ಅನಿಸುತ್ತದೆ. ಈಗ ಒಂದನ್ನು ಆರಿಸಿಕೊಳ್ಳಿ. ವ್ಯಾಯಾಮ ಎಂದಿಟ್ಟುಕೊಳ್ಳಿ. ಅದನ್ನು ಹೊತ್ತಿಗೆ ಕಟ್ಟುವ ಬದಲು ಈಗಾಗಲೇ ದಿನವೂ ತಪ್ಪದೆ ನಡೆಯುವ ಯಾವುದಾದರೂ ಕೆಲಸದ ಬಾಲಕ್ಕೆ ಕಟ್ಟಿ: "ಹಲ್ಲುಜ್ಜಿ ಬ್ರಷ್ ಇಟ್ಟ ತಕ್ಷಣ". ಕನಿಷ್ಠ ಪ್ರಮಾಣ ಒಂದಿರಲಿ, ನಾಚಿಕೆಯಾಗುವಷ್ಟು ಚಿಕ್ಕದು, ಐದು ನಿಮಿಷ. ಜ್ವರ ಬಿಟ್ಟ ಮರುದಿನ, ಊರಿಗೆ ಹೋದ ದಿನ, ನಿದ್ದೆಗೆಟ್ಟ ದಿನ ಆ ಐದು ನಿಮಿಷ ಮಾತ್ರ ಮಾಡಿ. ಹುರುಪಿನ ದಿನ ನಲವತ್ತು ಮಾಡಿದರೂ ಕನಿಷ್ಠವನ್ನು ಏರಿಸಬೇಡಿ. ಹತ್ತು ವಾರ ಕಳೆದ ಮೇಲೆ ಎರಡನೆಯದರ ಮಾತು.

ಪ್ರಶ್ನೆ: ಓದುವಾಗ ಹಾಡು ಕೇಳಬಹುದೇ?

ಉತ್ತರ: ಸಾಹಿತ್ಯವಿರುವ ಹಾಡು ಬೇಡ. ಓದುವ ಮಾತೂ ಕೇಳುವ ಮಾತೂ ತಲೆಯ ಒಂದೇ ಗಾಣಕ್ಕೆ ಬೀಳುತ್ತವೆ. ಗೊತ್ತಿಲ್ಲದ ಭಾಷೆಯ ಹಾಡಾದರೂ ಪೂರ್ತಿ ಸುರಕ್ಷಿತವಲ್ಲ. ಬರಿ ವಾದ್ಯ, ಮೆಲುದನಿಯಲ್ಲಿ, ಈಗಾಗಲೇ ಕೇಳಿ ಹಳಸಿದ್ದು ಆದರೆ ಅಡ್ಡಿಯಿಲ್ಲ. ಬಟ್ಟೆ ಮಡಿಸಲು, ಕಡತ ಜೋಡಿಸಲು ಯಾವ ಹಾಡಾದರೂ ಸರಿ.

ಪ್ರಶ್ನೆ: ಭಾನುವಾರ ರಾತ್ರಿ ಬಣ್ಣದ ಪೆನ್ನುಗಳಲ್ಲಿ ವಾರದ ಟೈಮ್‌ಟೇಬಲ್ ಬರೆಯುತ್ತೇನೆ. ಮಂಗಳವಾರದ ಹೊತ್ತಿಗೆ ಅದು ಹಳ್ಳ ಹಿಡಿದಿರುತ್ತದೆ. ಬುಧವಾರ ಅದನ್ನು ನೋಡಲೂ ಮನಸ್ಸಾಗುವುದಿಲ್ಲ.
— ಮನೆಯಿಂದಲೇ ಕೆಲಸ ಮಾಡುವವರು

ಉತ್ತರ: ಬಣ್ಣದ ಪೆನ್ನಿನ ತಪ್ಪಲ್ಲ. ಭಾನುವಾರ ರಾತ್ರಿ ಟೈಮ್‌ಟೇಬಲ್ ಬರೆಯುವಾಗ ಕಣ್ಣ ಮುಂದಿರುವುದು ತಲೆನೋವಿಲ್ಲದ, ಅತಿಥಿಗಳಿಲ್ಲದ, ಇಂಟರ್ನೆಟ್ ಕೈಕೊಡದ ವಾರ. ಅಂಥ ವಾರ ಯಾರಿಗೂ ಬರುವುದಿಲ್ಲ. 1994ರಲ್ಲಿ ಪ್ರಕಟವಾದ, ಕೆನಡಾದ ಸಂಶೋಧಕರ ಒಂದು ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದ್ದರು. ಅವರ ಅಂದಾಜು ಸರಾಸರಿ 33.9 ದಿನ. ಎಲ್ಲವೂ ಕೆಟ್ಟರೆ ಎಷ್ಟಾದೀತು ಎಂದದ್ದಕ್ಕೆ 48.6 ಎಂದರು. ನಿಜಕ್ಕೂ ಆದದ್ದು 55.5. ಅವರು ಊಹಿಸಿಕೊಂಡ ಅತಿ ಕೆಟ್ಟ ಸ್ಥಿತಿಗಿಂತಲೂ ವಾಸ್ತವ ಒಂದು ವಾರ ಹಿಂದೆ ಬಿತ್ತು.

ಆದ್ದರಿಂದ ಮುಂದಿನ ವಾರ ಟೈಮ್‌ಟೇಬಲ್ ಬರೆಯಬೇಡಿ, ಲೆಕ್ಕ ಬರೆಯಿರಿ. ಪ್ರತಿ ಕೆಲಸದ ಮುಂದೆ ಎರಡು ಅಂಕಣ: ಎಷ್ಟು ನಿಮಿಷ ಅಂದುಕೊಂಡೆ, ಎಷ್ಟು ಹಿಡಿಯಿತು. ವರದಿ: 40, 65. ಮೇಲ್‌ಗಳಿಗೆ ಉತ್ತರ: 20, 50. ಮೀಟಿಂಗಿನ ತಯಾರಿ: 30, 35. ಒಟ್ಟು 90 ಅಂದುಕೊಂಡದ್ದು 150 ಆಗಿದೆ, ಅಂದರೆ ನಿಮ್ಮ ಗುಣಕ ಹೆಚ್ಚುಕಡಿಮೆ 1.7. ಇದು ನಿಮ್ಮ ಸ್ವಂತ ಸಂಖ್ಯೆ. ವಾರದ ಕೊನೆಗೆ ಸಿಕ್ಕದ್ದನ್ನು ಮುಂದಿನ ಎಲ್ಲ ಅಂದಾಜಿಗೂ ಗುಣಿಸಿ. ಮೇಲ್‌ಗಳ ವಿಷಯದಲ್ಲಿ ಮೋಸ ಹೆಚ್ಚು, ತಯಾರಿಯಲ್ಲಿ ಕಡಿಮೆ ಎಂಬುದನ್ನೂ ಗಮನಿಸಿ. ಯಾವುದು ನಮ್ಮ ಕೈಯಲ್ಲಿದೆಯೋ ಅದರ ಅಂದಾಜು ಹೀಗೆ ಸರಿಹೋಗುತ್ತದೆ, ಇನ್ನೊಬ್ಬರ ಉತ್ತರಕ್ಕೆ ಕಾಯಬೇಕಾದದ್ದು ಹಿಗ್ಗುತ್ತದೆ.

ಆಮೇಲೆ ಟೈಮ್‌ಟೇಬಲ್ ಬರೆದರೂ ದಿನದ ನೂರಕ್ಕೆ ಅರವತ್ತು ಭಾಗ ಮಾತ್ರ ತುಂಬಿ. ಮಧ್ಯಾಹ್ನ ಒಂದು ಗಂಟೆ, ವಾರದ ಕೊನೆಗೆ ಅರ್ಧ ದಿನ ಖಾಲಿ ಬಿಡಿ. ಮಂಗಳವಾರದ ಅವಾಂತರವನ್ನು ನುಂಗಲು ಜಾಗವಿದ್ದರೆ ಬುಧವಾರ ಉಳಿಯುತ್ತದೆ. ಜಾಗವಿಲ್ಲದ ಟೈಮ್‌ಟೇಬಲಿನಲ್ಲಿ ಒಂದು ಕಲ್ಲು ಜಾರಿದರೆ ಇಡೀ ಗೋಡೆ ಬೀಳುತ್ತದೆ.

ಬರೆಯುವ ಕ್ರಮದಲ್ಲೂ ಒಂದು ಬದಲಾವಣೆ. "ಬೆಳಿಗ್ಗೆ: ವರದಿ" ಎಂದು ಬರೆದರೆ ಅದು ಆಸೆ. "ಮಕ್ಕಳು ಶಾಲೆಗೆ ಹೊರಟು ಬಾಗಿಲು ಹಾಕಿದ ಕೂಡಲೇ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ವರದಿಯ ಎರಡನೇ ಭಾಗದ ಕೋಷ್ಟಕ ತುಂಬುತ್ತೇನೆ" ಎಂದರೆ ಯಾವಾಗ, ಎಲ್ಲಿ, ಯಾವುದು ಮೂರೂ ಇದೆ. ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಪರೀಕ್ಷಿಸುತ್ತಾ ಬಂದದ್ದು ಇದನ್ನೇ: "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ವಾಕ್ಯ "ಇದನ್ನು ಮಾಡುತ್ತೇನೆ" ಎಂಬ ಸಂಕಲ್ಪಕ್ಕಿಂತ ಹೆಚ್ಚು ಸಲ ಕೆಲಸವಾಗಿ ಬದಲಾಗುತ್ತದೆ. ಅಡ್ಡಿಗೂ ಇದೇ ವಾಕ್ಯ ಬರೆದಿಡಿ: "ಹತ್ತು ಗಂಟೆಯ ಕರೆ ಹನ್ನೊಂದು ದಾಟಿದರೆ, ಕೋಷ್ಟಕವನ್ನು ಮಧ್ಯಾಹ್ನದ ಖಾಲಿ ಗಂಟೆಗೆ ಹಾಕುತ್ತೇನೆ." ಇಂಥ ವಾಕ್ಯ ದಿನಕ್ಕೆ ಎರಡು-ಮೂರು ಸಾಕು. ಹದಿನೈದು ಬರೆದರೆ ಒಂದೂ ನೆನಪಿರುವುದಿಲ್ಲ.

ಪ್ರಶ್ನೆ: ಮುಖ್ಯವಾದ ಕೆಲಸ ಇರುವ ದಿನವೇ ನನಗೆ ಕಪಾಟು ಜೋಡಿಸುವ ಹುಮ್ಮಸ್ಸು ಬರುತ್ತದೆ. ಸೋಮಾರಿ ಅಂತೂ ಅಲ್ಲ, ದಿನವಿಡೀ ದುಡಿಯುತ್ತೇನೆ. ಆದರೆ ಆ ಒಂದು ಕೆಲಸ ಮಾತ್ರ ಹಾಗೇ ಉಳಿಯುತ್ತದೆ.

ಉತ್ತರ: ಸೋಮಾರಿಯಲ್ಲ ಎಂಬುದು ಸರಿ. ಸೋಮಾರಿಯಾಗಿದ್ದರೆ ಕಪಾಟೂ ಹಾಗೇ ಇರುತ್ತಿತ್ತು. ಮುಂದೂಡುವಿಕೆಯನ್ನು ಅಧ್ಯಯನ ಮಾಡಿದ ಫ್ಯೂಶಿಯಾ ಸಿರೋಯಿ ಮತ್ತು ತಿಮೊಥಿ ಪಿಚಿಲ್ ಅದನ್ನು ಸಮಯ ನಿರ್ವಹಣೆಯ ತೊಂದರೆಯಾಗಿ ನೋಡದೆ, ಆ ಗಳಿಗೆಯ ಕಿರಿಕಿರಿಯಿಂದ ಪಾರಾಗುವ ದಾರಿಯಾಗಿ ನೋಡಿದರು. ಆ ಕೆಲಸವನ್ನು ನೆನೆದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ, ಕಪಾಟು ಅದನ್ನು ತಣಿಸುತ್ತದೆ, ಅದೂ "ಕೆಲಸ ಮಾಡಿದೆ" ಎಂಬ ಗೌರವದ ಜೊತೆಗೆ. ಮುಂದಿನ ಸಲ ಕಪಾಟು ಇನ್ನೂ ಬೇಗ ಕರೆಯುತ್ತದೆ.

ಹಾಗಾಗಿ ಮೊದಲ ಪ್ರಶ್ನೆ, ಆ ಕೆಲಸದಲ್ಲಿ ಚುಚ್ಚುವುದು ಯಾವುದು ಎಂಬುದು. ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ. ಎಲ್ಲಿಂದ ಶುರುಮಾಡಬೇಕೆಂದೇ ಗೊತ್ತಿಲ್ಲ, ಮಾಡಿದ್ದು ಚೆನ್ನಾಗಿ ಬರದಿದ್ದರೆ ಎಂಬ ಭಯ, ಅಥವಾ ನೀರಸ. ಮೂರಕ್ಕೂ ಮದ್ದು ಒಂದೇ ಅಲ್ಲ. ಗೊತ್ತಿಲ್ಲದಿದ್ದರೆ ಕೆಲಸವನ್ನು ಎರಡು ನಿಮಿಷದಲ್ಲಿ ಮುಗಿಯುವ, ಕೈಯಿಂದ ಮಾಡಬಹುದಾದ ಕ್ರಿಯೆಯವರೆಗೆ ಒಡೆಯಿರಿ. "ವಿಮೆಯ ಅರ್ಜಿ" ಕ್ರಿಯೆಯಲ್ಲ. "ಹಳೆಯ ಪಾಲಿಸಿಯ ಕಡತ ತೆಗೆದು ಮೇಜಿನ ಮೇಲಿಡು" ಕ್ರಿಯೆ. ಎರಡನೆಯದು "ಪಾಲಿಸಿ ನಂಬರನ್ನು ಅರ್ಜಿಯ ಮೊದಲ ಸಾಲಿನಲ್ಲಿ ಬರೆ". ಮೂರನೆಯದನ್ನು ಬರೆಯುವ ಹೊತ್ತಿಗೆ ನೀವು ಅರ್ಜಿ ತುಂಬುತ್ತಿರುತ್ತೀರಿ. ಭಯವಿದ್ದರೆ ಬೇಕೆಂದೇ ಕೆಟ್ಟ ಕರಡು ಬರೆಯಿರಿ, ಹತ್ತು ನಿಮಿಷ, ಅಳಿಸದೆ. ಖಾಲಿ ಹಾಳೆಯನ್ನು ತಿದ್ದಲಾಗುವುದಿಲ್ಲ, ಕೆಟ್ಟ ಹಾಳೆಯನ್ನು ತಿದ್ದಬಹುದು. ನೀರಸವಾಗಿದ್ದರೆ ಇಷ್ಟವಾದದ್ದೊಂದನ್ನು ಅದರೊಟ್ಟಿಗೆ ಮಾತ್ರ ಸಿಗುವಂತೆ ಕಟ್ಟಿಹಾಕಿ. ಈ ಧಾರಾವಾಹಿ ಆಡಿಯೋ ಕಥೆ ರಸೀದಿ ಜೋಡಿಸುವಾಗ ಮಾತ್ರ, ಹೀಗೆ.

ಕಪಾಟಿನ ಹುಮ್ಮಸ್ಸು ಬಂದಾಗ "ಕಪಾಟು: ಅರ್ಜಿಯ ಮೊದಲ ಪುಟ ಆದ ಮೇಲೆ" ಎಂದು ಬರೆದಿಡಿ. ಹುಮ್ಮಸ್ಸು ನಿಜವಾಗಿದ್ದರೆ ಆಮೇಲೂ ಇರುತ್ತದೆ. ಬಹುತೇಕ ಇರುವುದಿಲ್ಲ.

ಪ್ರಶ್ನೆ: 25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿ ಪ್ರಯತ್ನಿಸಿದೆ. ಆಗಷ್ಟೇ ಕೋಡ್ ತಲೆಗೆ ಹತ್ತುತ್ತಿರುತ್ತದೆ, ಗಂಟೆ ಹೊಡೆಯುತ್ತದೆ. ಬಿಡುವಿನ ಐದು ನಿಮಿಷ ಇಪ್ಪತ್ತಾಗುತ್ತದೆ.
— ಸಾಫ್ಟ್‌ವೇರ್ ಕೆಲಸದವರು

ಉತ್ತರ: ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ, ಕಾಲೇಜು ಓದುವಾಗ, ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಪಿಸಿದ ಕ್ರಮ ಅದು. ಓದಲು ಕೂರುವುದೇ ಕಷ್ಟವಾಗಿದ್ದ ಹೊತ್ತಿನಲ್ಲಿ ಹುಟ್ಟಿದ್ದು ಎಂಬುದನ್ನು ನೆನಪಿಡಿ. ಶುರುಮಾಡುವ ಕಷ್ಟಕ್ಕೆ ಅದು ಬಹಳ ಒಳ್ಳೆಯದು. ನಿಮಗೆ ಶುರುಮಾಡುವ ಕಷ್ಟವಿಲ್ಲ, ತಲೆಗೆ ಹತ್ತಿಸಿಕೊಳ್ಳಲು ಹದಿನೈದು ನಿಮಿಷ ಬೇಕು. 25ರಲ್ಲಿ 15 ಅದಕ್ಕೇ ಹೋದರೆ ಉಳಿದದ್ದು ಹತ್ತು. 50ಕ್ಕೆ 10 ಇಟ್ಟು ನೋಡಿ, ಇಲ್ಲವೇ 75ಕ್ಕೆ 15. ನಿಮ್ಮ ಅಳತೆ ತಿಳಿಯಲು ಒಂದು ವಾರ ಟೈಮರ್ ಇಲ್ಲದೆ ಕೂತು, ಮೊದಲ ಸಲ ಕುರ್ಚಿಯಲ್ಲಿ ಮಿಸುಕಾಡಿದ ಹೊತ್ತನ್ನು ಬರೆದಿಡಿ.

ಗಂಟೆ ಹೊಡೆದಾಗ ಕೆಲಸ ನಡುವಿನಲ್ಲಿದ್ದರೆ ಏಳುವ ಮೊದಲು ಒಂದು ಸಾಲು ಬರೆಯಿರಿ: ಎಲ್ಲಿದ್ದೇನೆ, ಬಂದು ಮಾಡಬೇಕಾದ ಮೊದಲ ಕೆಲಸ ಏನು. "ದಿನಾಂಕ ಖಾಲಿ ಬಂದರೆ ಈ ಫಂಕ್ಷನ್ ಬೀಳುತ್ತಿದೆ, 112ನೇ ಸಾಲಿನಲ್ಲಿ ಪರೀಕ್ಷೆ ಸೇರಿಸಬೇಕು." ಅರ್ಧಕ್ಕೆ ಬಿಟ್ಟ ಕೆಲಸದ ಒಂದು ತುಣುಕು ತಲೆಯಲ್ಲೇ ಉಳಿದು ಮುಂದಿನದಕ್ಕೆ ಅಡ್ಡ ಬರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಇಂಥ ಸಾಲೊಂದು ಆ ತುಣುಕನ್ನು ಕಾಗದಕ್ಕೆ ಇಳಿಸುತ್ತದೆ.

ಬಿಡುವು ಇಪ್ಪತ್ತಾಗಲು ಕಾರಣ ಬಿಡುವಿನಲ್ಲಿ ಪರದೆಯನ್ನೇ ನೋಡುವುದು. ಕೊನೆಯಿರದ ವಸ್ತುವನ್ನು ಐದು ನಿಮಿಷಕ್ಕೆ ತೆರೆಯಬಾರದು. ಎದ್ದು ನಡೆಯಿರಿ, ನೀರು ಕುಡಿಯಿರಿ, ದೂರದ್ದೇನನ್ನಾದರೂ ನೋಡಿ. ಬೇಸರವಾಗುತ್ತದೆಯೇ? ಆಗಲಿ, ಆ ಬೇಸರವೇ ನಿಮ್ಮನ್ನು ವಾಪಸ್ ಕರೆತರುತ್ತದೆ.

ಪ್ರಶ್ನೆ: ಶಿಸ್ತು ಹುಟ್ಟಿನಿಂದ ಬರುತ್ತದೆ ಎನ್ನುತ್ತಾರಲ್ಲ. ಚಿಕ್ಕ ಮಕ್ಕಳಿಗೆ ಮಿಠಾಯಿ ಕೊಟ್ಟು ಮಾಡಿದ ಪರೀಕ್ಷೆಯಲ್ಲಿ ಇದು ಸಾಬೀತಾಗಿದೆ ಎಂದು ಓದಿದೆ. ನನಗೀಗ 41.

ಉತ್ತರ: ನೀವು ಹೇಳುತ್ತಿರುವುದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಿಂದ ಮಾಡಿದ ಮಾರ್ಷ್‌ಮ್ಯಾಲೊ ಪ್ರಯೋಗ. ಮುಂದಿಟ್ಟ ಮಿಠಾಯಿಯನ್ನು ತಿನ್ನದೆ ಸ್ವಲ್ಪ ಹೊತ್ತು ಕಾದರೆ ಎರಡು, ಕಾಯದಿದ್ದರೆ ಒಂದು. ಕಾದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿದ್ದರು ಎಂಬ ಭಾಗ ಜಗತ್ತಿನಾದ್ಯಂತ ಹರಡಿತು. 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿಯ ಮೇಲೆ ಅದನ್ನು ಮತ್ತೆ ನೋಡಿದಾಗ ಆ ಸಂಬಂಧ ಅರ್ಧಕ್ಕೆ ಇಳಿಯಿತು, ಮನೆಯ ಪರಿಸ್ಥಿತಿ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಇನ್ನೂ ಕರಗಿತು. ಹರಡದೆ ಉಳಿದ ಭಾಗ ನಮ್ಮ ಪ್ರಕಾರ ಹೆಚ್ಚು ಉಪಯುಕ್ತ: ತಿನಿಸನ್ನು ಕಣ್ಣಿಗೆ ಕಾಣದಂತೆ ಇಟ್ಟಾಗ ಮಕ್ಕಳು ಬಹಳ ಹೆಚ್ಚು ಹೊತ್ತು ಕಾದರು. ಕಾದವರು ಹಲ್ಲು ಕಚ್ಚಿ ಅದನ್ನೇ ದಿಟ್ಟಿಸುತ್ತಾ ಕೂತಿರಲಿಲ್ಲ, ಮುಖ ತಿರುಗಿಸಿದರು, ಹಾಡಿಕೊಂಡರು. 41ರಲ್ಲೂ ಮುಖ ತಿರುಗಿಸಬಹುದು.

ಜೊತೆಗೆ ಇನ್ನೊಂದು. ಮನೋಬಲ ಬ್ಯಾಟರಿಯ ಹಾಗೆ, ಬಳಸಿದಷ್ಟೂ ಇಳಿಯುತ್ತದೆ ಎಂಬ ಮಾತು 1998ರ ಒಂದು ಪ್ರಯೋಗದಿಂದ ಹೆಸರಾಯಿತು. 2016ರಲ್ಲಿ 23 ಪ್ರಯೋಗಾಲಯಗಳು ಒಟ್ಟಾಗಿ ಪರೀಕ್ಷಿಸಿದಾಗ ಆ ಪರಿಣಾಮ ಹೆಚ್ಚುಕಡಿಮೆ ಸೊನ್ನೆಗೆ ಬಂತು. ಸಂಜೆ ಸೋತಿದ್ದೇನೆ ಎಂಬುದು ನಿಜ, ಆದರೆ "ಬ್ಯಾಟರಿ ಮುಗಿಯಿತು, ಇನ್ನು ಆಗದು" ಎಂಬ ತೀರ್ಪಿಗೆ ಅಷ್ಟು ಆಧಾರವಿಲ್ಲ.

ಪ್ರಶ್ನೆ: ನಮ್ಮ ಹುಡುಗನಿಗೆ 14. ಹೋಮ್‌ವರ್ಕಿಗೆ ಕೂತರೆ ಐದು ನಿಮಿಷಕ್ಕೆ ಎದ್ದು ಓಡಾಡುತ್ತಾನೆ. ಬೈದೂ ಆಯಿತು, ಹೊಗಳಿಯೂ ಆಯಿತು. ಮೊಬೈಲ್ ಕಸಿದುಕೊಂಡರೆ ಮೂರು ದಿನ ಮಾತೇ ಇಲ್ಲ.
— ಒಬ್ಬ ತಾಯಿ

ಉತ್ತರ: ಅಮ್ಮ, ಮೊದಲು ಒಂದನ್ನು ಬೇರ್ಪಡಿಸಿಕೊಳ್ಳಿ. ಇದು ಈ ವರ್ಷ, ಹೋಮ್‌ವರ್ಕಿನ ಹೊತ್ತಿನಲ್ಲಿ ಮಾತ್ರವೇ? ಅಥವಾ ಚಿಕ್ಕಂದಿನಿಂದಲೂ, ಮನೆಯಲ್ಲೂ ಶಾಲೆಯಲ್ಲೂ, ಅವನಿಗೆ ಇಷ್ಟವಾದ ಆಟದ ನಿಯಮ ಕೇಳುವಾಗಲೂ ಹೀಗೆಯೇ? 12 ವರ್ಷಕ್ಕೆ ಮೊದಲೇ ಶುರುವಾಗಿ, ಎರಡು ಕಡೆಯಾದರೂ ಕಾಣಿಸಿಕೊಂಡು, ಆರು ತಿಂಗಳಿಗೂ ಮೀರಿ ನಡೆಯುತ್ತಿದ್ದರೆ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಇದೆಯೇ ಎಂದು ಮಕ್ಕಳ ತಜ್ಞರಿಗೋ ಮನೋವೈದ್ಯರಿಗೋ ತೋರಿಸಿ. ಅದಿದ್ದರೆ ಬೈಗುಳವಾಗಲಿ ಈ ಅಂಕಣವಾಗಲಿ ಸಾಲದು. ಕಣ್ಣು, ಕಿವಿ, ನಿದ್ದೆ ಇವನ್ನೂ ಒಮ್ಮೆ ನೋಡಿಸಿ. ಬೋರ್ಡು ಕಾಣದ ಹುಡುಗನೂ ಗಮನವಿಲ್ಲದವನಂತೆಯೇ ಕಾಣುತ್ತಾನೆ.

ಅದೇನೂ ಇಲ್ಲವೆಂದಾದರೆ, ಐದು ನಿಮಿಷ ಕೂರುತ್ತಾನಲ್ಲ, ಅಲ್ಲಿಂದಲೇ ಹಿಡಿಯಿರಿ. ಎಂಟು ನಿಮಿಷದ ಟೈಮರ್ ಅವನೇ ಇಡಲಿ, ಎರಡು ಲೆಕ್ಕ ಮಾಡಲಿ, ಎದ್ದು ಎರಡು ನಿಮಿಷ ಓಡಾಡಲಿ. ಓಡಾಟ ನಿಷಿದ್ಧವಲ್ಲ, ಲೆಕ್ಕಗಳ ನಡುವಿನ ನಿಲ್ದಾಣ ಎಂದಾಗಲಿ. ವಾರಕ್ಕೆ ಎರಡೆರಡು ನಿಮಿಷ ಏರಿಸಿ. ಹೊಗಳುವುದಾದರೆ "ಜಾಣ" ಎನ್ನದೆ "ಅಡ್ಡ ಬಂದ ಲೆಕ್ಕ ಬಿಟ್ಟು ಏಳಲಿಲ್ಲ ನೋಡು" ಎಂದು, ನಡೆದದ್ದನ್ನೇ ಹೇಳಿ. ಮೊಬೈಲ್ ಕಸಿಯುವುದು ಬೇಡ. ಹೋಮ್‌ವರ್ಕ್ ಹೊತ್ತಿನಲ್ಲಿ ಮನೆಯ ಎಲ್ಲರ ಮೊಬೈಲೂ ಒಂದೇ ಬುಟ್ಟಿಗೆ ಬೀಳಲಿ, ನಿಮ್ಮದೂ. ಇದು ಕಷ್ಟದ ಭಾಗ.

ಪ್ರಶ್ನೆ: ಮೂರು ವಾರ ಓದು ಬಿಟ್ಟಿದ್ದೇನೆ. ಮತ್ತೆ ಪುಸ್ತಕ ತೆರೆಯಲು ನಾಚಿಕೆಯಾಗುತ್ತದೆ.

ಉತ್ತರ: ಬಿಟ್ಟ ಮೂರು ವಾರವನ್ನು ಸರಿದೂಗಿಸುವ ಯೋಜನೆ ಮಾಡಬೇಡಿ, ಮುಳುಗಿಸುವುದು ಅದೇ. ಇಂದಿನ ಪಾಲು ಮಾತ್ರ ಓದಿ. ಮೊದಲ ವರ್ಷದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ಮುಂದೂಡಿದ್ದರು. ಬೈದುಕೊಂಡಷ್ಟೂ ಪುಸ್ತಕ ನೋಡಿದಾಗ ಬೈಗುಳವೇ ನೆನಪಾಗುತ್ತದೆ.

ಪ್ರಶ್ನೆ: ರಾತ್ರಿ ಮಲಗುವುದು ಒಂದು ಗಂಟೆ. ಕಾರಣವೇನೂ ಇಲ್ಲ. ಬೆಳಿಗ್ಗೆ ಏನು ಓದಿದರೂ ತಲೆಗೆ ಹತ್ತುವುದಿಲ್ಲ.

ಉತ್ತರ: ಕಾರಣ ಇರುತ್ತದೆ. ದಿನವೆಲ್ಲ ಬೇರೆಯವರಿಗಾಗಿ ಓಡಿದವರಿಗೆ ಹತ್ತೂವರೆಯ ನಂತರದ ಹೊತ್ತು ಮಾತ್ರ ಸ್ವಂತದ್ದು, ಅದನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಹಾಗಿದ್ದರೆ ಸಂಜೆ ಎಲ್ಲಾದರೂ ಅರ್ಧ ಗಂಟೆ ನಿಮಗೆಂದೇ ಕದ್ದಿಡಿ, ರಾತ್ರಿಯ ಹಟ ಅರ್ಧ ಇಳಿಯುತ್ತದೆ.

ಉಳಿದದ್ದು ಯಂತ್ರದ ಕೆಲಸ. ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿ, ರಜೆಯ ದಿನವೂ ಒಂದು ಗಂಟೆಗಿಂತ ಆಚೀಚೆ ಬೇಡ. ಮಲಗುವ ಹೊತ್ತನ್ನು ಎರಡು-ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಒಂದರಿಂದ ಹನ್ನೊಂದಕ್ಕೆ ಬರಲು ಮೂರು ವಾರ ಹಿಡಿಯುತ್ತದೆ. ಒಂದೇ ರಾತ್ರಿಯಲ್ಲಿ ಹನ್ನೊಂದಕ್ಕೆ ಮಲಗಿದರೆ ನಿದ್ದೆ ಬಾರದೆ ಹೊರಳಾಡಿ, ಹಾಸಿಗೆಯೆಂದರೆ ಹೊರಳಾಟ ಎಂದಾಗುತ್ತದೆ. ಅಲಾರಂ ಬೆಳಿಗ್ಗೆಗಿಂತ ರಾತ್ರಿಗೆ ಮುಖ್ಯ: ಮಲಗಲು 45 ನಿಮಿಷ ಇರುವಾಗ ಹೊಡೆಯಲಿ, ಹೊಡೆದಾಗ ಮೊಬೈಲು ಕೋಣೆಯ ಹೊರಗಿನ ಚಾರ್ಜರಿಗೆ ಹೋಗಲಿ. ಕಾಫಿ, ಟೀ ಕುಡಿದು ಸುಮಾರು ಐದು ಗಂಟೆಯಾದರೂ ಅದರ ಕೆಫೀನಿನ ಅರ್ಧ ಭಾಗ ರಕ್ತದಲ್ಲಿ ಉಳಿದಿರುತ್ತದೆ, ಹಾಗಾಗಿ ಮಧ್ಯಾಹ್ನ ಎರಡರ ನಂತರ ಬೇಡ. ವಯಸ್ಕರಿಗೆ ಏಳು ಗಂಟೆಗಿಂತ ಕಡಿಮೆ ನಿದ್ದೆಯಾಗುತ್ತಿದ್ದರೆ ಮೇಲೆ ಹೇಳಿದ ಚೀಟಿ, ಟೈಮರ್, ಗುಣಕ ಯಾವುದನ್ನೂ ಪ್ರಯತ್ನಿಸುವ ಗೋಜಿಗೆ ಹೋಗಬೇಡಿ, ಮೊದಲು ಇದನ್ನೇ ಮಾಡಿ. ಹೊತ್ತಿಗೆ ಸರಿಯಾಗಿ ಮಲಗಿದರೂ ಹಗಲಿನಲ್ಲಿ ತೂಕಡಿಸುತ್ತಿದ್ದರೆ, ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ವೈದ್ಯರಿಗೆ ತೋರಿಸಿ.

ಪ್ರಶ್ನೆ: ಶಿಸ್ತು ರೂಢಿಸಿಕೊಳ್ಳಲು ಒಳ್ಳೆಯ ಆ್ಯಪ್ ಯಾವುದು?

ಉತ್ತರ: ಗೋಡೆಯ ಕ್ಯಾಲೆಂಡರ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಕಟ್ಟದಿದ್ದರೆ ನಾಲ್ಕನೇ ದಿನ ಪೆನ್ನು ಹುಡುಕಲು ಹೋಗಿ ಮೊಬೈಲು ಕೈಗೆ ಬರುತ್ತದೆ. ಆ್ಯಪೇ ಬೇಕೆಂದರೆ ಗೊತ್ತಾದ ಹೊತ್ತಿನಲ್ಲಿ ಬೇರೆ ಆ್ಯಪ್‌ಗಳನ್ನು ಮುಚ್ಚಿಡುವಂಥದ್ದನ್ನು ಹಾಕಿಕೊಳ್ಳಿ, ಅದರ ಪಾಸ್‌ವರ್ಡ್ ಮನೆಯಲ್ಲಿ ನಿಮ್ಮ ಮಾತು ಸುಲಭಕ್ಕೆ ಕೇಳದವರ ಹತ್ತಿರ ಇರಲಿ.